ಉದ್ಯೋಗದಾತರ ಪರ ವಕೀಲ: ದೂರು ಬರುವ ಮೊದಲೇ ಶುರುವಾಗುವ ಕೆಲಸ

ಕಾರ್ಮಿಕ ಕಾನೂನಿನ ವಕೀಲರು ಬಹುಮಟ್ಟಿಗೆ ಒಂದು ಪಕ್ಷ ಆರಿಸಿಕೊಂಡಿರುತ್ತಾರೆ. ಕೆಲವರು ನೌಕರರ ಮತ್ತು ಸಂಘಗಳ ಪರ, ಇನ್ನು ಕೆಲವರು ಆಡಳಿತ ಮಂಡಳಿಯ ಪರ. ಈ ಎರಡನೆಯವರೇ ಉದ್ಯೋಗದಾತರ ಪರ ವಕೀಲರು. ವಜಾ, ತಾರತಮ್ಯ, ಕಿರುಕುಳ, ಸಂಬಳ ಬಾಕಿ, ಓವರ್‌ಟೈಮ್ ಕುರಿತು ದೂರು ಬಂದಾಗ ಸಂಸ್ಥೆಯ ಪರ ವಾದಿಸುವುದು ಇವರ ಕೆಲಸದ ಕಣ್ಣಿಗೆ ಕಾಣುವ ಭಾಗ. ದೂರಿಗೆ ಮೊದಲು ಕೊಡುವ ಸಲಹೆಯೇ ಈ ಕಸುಬಿನ ತಿರುಳು ಎಂದು ನಾನು ನಂಬುತ್ತೇನೆ.

ವಜಾ ವಿಷಯವನ್ನೇ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಡಂಬಡಿಕೆಯ ಪ್ರಕಾರ ವಜಾ ಮಾಡಲು ನ್ಯಾಯವಾದ ಕಾರಣ ಬೇಕು. ಆ ಕಾರಣ ನೌಕರರ ಸಾಮರ್ಥ್ಯಕ್ಕೋ ನಡತೆಗೋ ಸಂಸ್ಥೆಯ ಅಗತ್ಯಕ್ಕೋ ಸಂಬಂಧಿಸಿರಬೇಕು. ನಡತೆಯ ಆರೋಪವಿದ್ದರೆ ಸಾಮಾನ್ಯವಾಗಿ ಮೊದಲು ಅವರ ಮಾತು ಕೇಳಬೇಕು. ಸಂಘ ಸೇರಿದ್ದಾಗಲಿ ಗರ್ಭಿಣಿಯಾದದ್ದಾಗಲಿ ಕಾರಣವಾಗುವಂತಿಲ್ಲ. ಇದನ್ನು ಎಲ್ಲ ದೇಶಗಳೂ ಅನುಮೋದಿಸಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕಾರಣ ಹೇಳದೆಯೂ ಕೆಲಸದಿಂದ ತೆಗೆಯಬಹುದು. ಅಲ್ಲೂ ಜನಾಂಗ, ಧರ್ಮ, ಲಿಂಗದ ಆಧಾರದ ಮೇಲೆ ತೆಗೆಯುವುದನ್ನು 1964ರ ನಾಗರಿಕ ಹಕ್ಕುಗಳ ಕಾಯ್ದೆ ತಡೆಯುತ್ತದೆ.

ಬ್ರಿಟನ್ನಿನ 1978ರ ಬರ್ಚೆಲ್ ತೀರ್ಪು ಇನ್ನೂ ಸ್ಪಷ್ಟ. ನೌಕರರು ನಿಜಕ್ಕೂ ತಪ್ಪು ಮಾಡಿದ್ದರೇ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಲ್ಲ. ತಪ್ಪು ನಡೆದಿದೆ ಎಂದು ಉದ್ಯೋಗದಾತರು ಪ್ರಾಮಾಣಿಕವಾಗಿ ನಂಬಿದ್ದರೇ, ಆ ನಂಬಿಕೆಗೆ ಆಧಾರವಿತ್ತೇ, ಸಾಕಷ್ಟು ತನಿಖೆ ಮಾಡಿದ್ದರೇ ಎಂದು ನೋಡಲಾಗುತ್ತದೆ. ಹಾಗಾಗಿ ಒಳ್ಳೆಯ ವಕೀಲರು ವಜಾ ಪತ್ರ ಬರೆದುಕೊಡುವ ಮುಂಚೆ ಮ್ಯಾನೇಜರನ್ನೇ ಪಾಟಿಸವಾಲಿಗೆ ಒಡ್ಡುತ್ತಾರೆ. ನೋಡಿದವರು ಯಾರು? ಅವರ ಹೇಳಿಕೆ ಬರೆದುಕೊಂಡಿದ್ದೀರಾ? ಇದೇ ತಪ್ಪು ಮಾಡಿದ ಇನ್ನೊಬ್ಬರಿಗೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟಿರಾ? ಕಳೆದ ವರ್ಷ ಇವರ ಕೆಲಸ ಚೆನ್ನಾಗಿದೆ ಎಂದು ಬರೆದವರು ನೀವೇ ಅಲ್ಲವೇ? ಉತ್ತರ ಸರಿಯಿಲ್ಲದಿದ್ದರೆ ಪತ್ರ ನಿಲ್ಲುತ್ತದೆ. ಕಕ್ಷಿದಾರರಿಗೆ ಬೇಡ ಎನ್ನಲು ಹಿಂಜರಿಯುವ ವಕೀಲರಿಂದ ಸಂಸ್ಥೆಗೆ ಹಾನಿಯೇ ಹೆಚ್ಚು, ನೌಕರರಿಗಂತೂ ಅನ್ಯಾಯ.

ಸಲಹೆಯೇ ಮುಂದೆ ರಕ್ಷಣೆಯಾಗುವುದೂ ಉಂಟು. ಮೇಲಧಿಕಾರಿಯ ಲೈಂಗಿಕ ಕಿರುಕುಳದ ಪ್ರಕರಣಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1998ರಲ್ಲಿ ಉದ್ಯೋಗದಾತರಿಗೆ ಒಂದು ವಾದ ಒದಗಿಸಿತು: ಕಿರುಕುಳ ತಡೆಯಲು, ಸರಿಪಡಿಸಲು ತಕ್ಕ ಎಚ್ಚರ ವಹಿಸಿದ್ದೆವು, ಆ ವ್ಯವಸ್ಥೆಯನ್ನು ನೌಕರರು ಸಕಾರಣವಿಲ್ಲದೆ ಬಳಸಲಿಲ್ಲ ಎಂದು ಎರಡನ್ನೂ ತೋರಿಸಬೇಕು. ಕಿರುಕುಳದ ಜೊತೆಗೆ ಆ ಮೇಲಧಿಕಾರಿ ವಜಾ, ಹಿಂಬಡ್ತಿಯಂಥ ಕ್ರಮವನ್ನೂ ಕೈಗೊಂಡಿದ್ದರೆ ಈ ವಾದ ನಿಲ್ಲದು.

ನೌಕರರು ತಿಳಿದಿರಲೇಬೇಕಾದ ಮಾತೊಂದಿದೆ. ಕಂಪನಿಯ ವಕೀಲರ ಕಕ್ಷಿದಾರ ಕಂಪನಿ. ಮ್ಯಾನೇಜರೂ ಅಲ್ಲ, ತನಿಖೆಯಲ್ಲಿ ಹೇಳಿಕೆ ಕೊಡುವ ನೌಕರರೂ ಅಲ್ಲ. 1981ರ ಅಪ್‌ಜಾನ್ ತೀರ್ಪಿನ ನಂತರ ಅಮೆರಿಕದ ವಕೀಲರು ಇದನ್ನು ಹೇಳಿಯೇ ಮಾತು ಆರಂಭಿಸುವುದು ರೂಢಿಯಾಯಿತು. ಆ ಮಾತುಕತೆಯ ಗೋಪ್ಯತೆಯ ಹಕ್ಕೂ ಕಂಪನಿಯದೇ. ಬೇಕೆನಿಸಿದರೆ ನೌಕರರ ಒಪ್ಪಿಗೆ ಕೇಳದೆಯೇ ಅದು ಆ ಮಾತುಗಳನ್ನು ಹೊರಗೆ ತಿಳಿಸಬಹುದು.