ಬೆಕ್ಕಿನ ಬೋನಿಗೆ ಫಿನಾಯಿಲ್ ಬೇಡ

ಬೀದಿ ಬೆಕ್ಕುಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಹಿಡಿದ ಜಾಗದಲ್ಲಿಯೇ ಮರಳಿ ಬಿಡುವವರಿಗೆಂದು ಕೋಲಾರದ ನನ್ನ ಚಿಕಿತ್ಸಾಲಯದಲ್ಲಿ ಆರು ಬೋನುಗಳನ್ನು ಇಟ್ಟಿದ್ದೇನೆ. ಒಯ್ದವರು ಬೋನನ್ನು ಹಿಂದಿರುಗಿಸಿದಾಗ ನಾನು ಮೊದಲು ಮಾಡುವ ಕೆಲಸವೆಂದರೆ ಅದನ್ನು ಮೂಸಿ ನೋಡುವುದು. ಹೀಗೆ ಮೂಸುವ ಅಭ್ಯಾಸ ಶುರುವಾದದ್ದು ನನ್ನದೇ ತಪ್ಪಿನಿಂದ.

ನಿವೃತ್ತ ಶಿಕ್ಷಕಿಯೊಬ್ಬರು ಬೋನನ್ನು ಒಪ್ಪಿಸುತ್ತ, "ಎರಡು ಸಲ ಫಿನಾಯಿಲ್ ಹಾಕಿ ತೊಳೆದಿದ್ದೇನೆ ಡಾಕ್ಟ್ರೇ, ನೀವು ಮತ್ತೆ ಮುಟ್ಟೋದೇ ಬೇಡ" ಎಂದಿದ್ದರು. ನಾನೂ ಅದನ್ನು ಹಾಗೆಯೇ ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ. ಮರುದಿನ ಅದರಲ್ಲಿ ಬಂದ ಹೆಣ್ಣು ಬೆಕ್ಕು ಒಂದೇ ಸಮನೆ ಜೊಲ್ಲು ಸುರಿಸುತ್ತಿತ್ತು. ಅಂಗಾಲುಗಳು ಕೆಂಪಗಾಗಿದ್ದವು, ನಾಲಿಗೆಯ ತುದಿಯಲ್ಲಿ ಹುಣ್ಣೆದ್ದಿತ್ತು. ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿ, ನಾಲ್ಕು ದಿನ ಆ ಬೆಕ್ಕಿನ ಆರೈಕೆ ಮಾಡಬೇಕಾಯಿತು.

ಕಪ್ಪು ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳಿರುತ್ತವೆ. ಇಂಥ ವಸ್ತುಗಳನ್ನು ಮನುಷ್ಯರ ಮತ್ತು ನಾಯಿಗಳ ಯಕೃತ್ತು ಗ್ಲುಕುರೋನಿಕ್ ಆಮ್ಲದೊಂದಿಗೆ ಜೋಡಿಸಿ ದೇಹದಿಂದ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಬಹಳ ಕಡಿಮೆ. ಅದರ ಮೇಲೆ, ಮೈಗೆ ಏನು ಅಂಟಿದರೂ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ ಅದು. ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುವ, ಗಾಯ ತೊಳೆಯಲು ಮನೆಮನೆಯಲ್ಲೂ ಇಟ್ಟಿರುವ ನಂಜುನಾಶಕಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಾಗೆಂದು ಬರೀ ನೀರು ಸುರಿದು ಇಟ್ಟರೆ ಸಾಲದು. ಮರಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯ ರೋಗದ ವೈರಸ್ ಒಣಗಿದ ಮಲದ ಕಣದಲ್ಲಿ ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲದು, ಸ್ಪಿರಿಟ್ಟಿಗೆ ಜಗ್ಗುವುದಿಲ್ಲ. ಒಂದು ಬಡಾವಣೆಯ ರೋಗವನ್ನು ಇನ್ನೊಂದು ಬಡಾವಣೆಗೆ ಹೊತ್ತೊಯ್ಯಲು ತೊಳೆಯದ ಬೋನಿಗಿಂತ ಒಳ್ಳೆಯ ವಾಹನ ಬೇರೆ ಬೇಕಿಲ್ಲ.

ಈ ವೈರಸ್ಸಿಗೆ ಬ್ಲೀಚ್ ಮದ್ದು, ಆದರೆ ಕೊಳೆ ಹೋದ ಮೇಲೆ ಮಾತ್ರ. ಮಲ, ಮೀನಿನ ಜಿಡ್ಡು, ಕೂದಲು ಉಳಿದಿದ್ದರೆ ಕ್ಲೋರಿನ್ ಅವುಗಳ ಮೇಲೆಯೇ ಖರ್ಚಾಗಿಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ರೇಷ್ಮೆಹುಳು ಸಾಕುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಮನೆಯನ್ನು ಗುಡಿಸಿ, ತೊಳೆದ ನಂತರವೇ ಅವರು ಬ್ಲೀಚಿಂಗ್ ಪೌಡರಿನ ದ್ರಾವಣ ಸಿಂಪಡಿಸುತ್ತಾರೆ. ಬೋನಿನಲ್ಲಿ ಹೆಚ್ಚಿನ ಕೊಳೆ ಕೂರುವುದು ಬೆಕ್ಕು ತುಳಿದಾಗ ಬಾಗಿಲು ಬೀಳಿಸುವ ತಗಡಿನ ಅಡಿಯಲ್ಲಿ. ಮೇಲಿನಿಂದ ಫಳಫಳ ಹೊಳೆಯುವ ಬೋನನ್ನು ಮಗುಚಿ ನೋಡಿದರೆ, ಆ ತಗಡಿನ ಕೀಲಿನ ಸಂದಿನಲ್ಲಿ ಒಣಮೀನಿನ ಪುಡಿಯೂ ಕೂದಲೂ ಸೇರಿ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯದೆ ಅದು ಬಿಡುವುದಿಲ್ಲ. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆ ಬರುವ ಬದಲು ಒಡೆದು ತಂತಿಗೇ ಮೆತ್ತಿಕೊಳ್ಳುವುದರಿಂದ, ಬಟ್ಟೆ ಒಗೆಯುವ ಪುಡಿಯನ್ನೇ ಬಳಸುವುದು ಮೇಲು.

ತೊಳೆದು ನೀರು ಬಸಿದ ಮೇಲೆ, ಸುಮಾರು ಶೇ 5ರ ದ್ರವ ಬ್ಲೀಚಾದರೆ 10 ಲೀಟರ್ ನೀರಿಗೆ 300 ಮಿ.ಲೀ., ಹೊಸ ಬ್ಲೀಚಿಂಗ್ ಪೌಡರಾದರೆ 60 ಗ್ರಾಂ ಬೆರೆಸಬೇಕು. ಪೌಡರಿನ ದ್ರಾವಣದಲ್ಲಿ ಸುಣ್ಣ ತಳಕ್ಕಿಳಿಯುವವರೆಗೆ ಕಾದು ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು. ಬೋನು ಪೂರ್ತಿ 10 ನಿಮಿಷ ಒದ್ದೆಯಾಗಿಯೇ ಇರಬೇಕು, ಅನಂತರ ಧಾರಾಳ ನೀರಿನಲ್ಲಿ ಜಾಲಿಸಬೇಕು. ಇಲ್ಲವಾದರೆ ಕ್ಲೋರಿನ್ ತಂತಿಯ ಸತುವಿನ ಲೇಪವನ್ನು ತಿಂದು ತುಕ್ಕಿಗೆ ದಾರಿ ಮಾಡಿಕೊಡುತ್ತದೆ. ಕೆಲಸ ಬಯಲಿನಲ್ಲಿ ನಡೆಯಲಿ. ಬ್ಲೀಚಿನ ಜೊತೆ ಶೌಚಾಲಯ ತೊಳೆಯುವ ಆಸಿಡ್ ಸೇರಿದರೆ ಹುಟ್ಟುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ. ಗಂಡು ಬೆಕ್ಕಿನ ಮೂತ್ರ ಹಾಗೆಯೇ ಉಳಿದಿದ್ದರೆ ಅದರ ಅಮೋನಿಯದಿಂದಲೂ ಕಣ್ಣುರಿಯುವ ಅನಿಲ ಏಳುತ್ತದೆ.

ಬ್ಲೀಚಿಗೂ ಬಗ್ಗದ ಪರಾವಲಂಬಿ ಸೂಕ್ಷ್ಮಜೀವಿಯೊಂದಿದೆ, ಟಾಕ್ಸೋಪ್ಲಾಸ್ಮ. ಬೆಕ್ಕಿನ ಮಲದೊಂದಿಗೆ ಬರುವ ಇದರ ಮೊಟ್ಟೆಯಂಥ ಕೋಶಗಳು ಸೋಂಕು ತಗುಲಿಸುವ ಹಂತಕ್ಕೆ ಬರಲು 1ರಿಂದ 5 ದಿನ ಹಿಡಿಯುವುದರಿಂದ, ಬೋನನ್ನು ಅದೇ ದಿನ ತೊಳೆದು ಟ್ರೇಗೆ ಕುದಿಯುವ ನೀರು ಸುರಿಯುವುದೇ ರಕ್ಷಣೆ. ಗರ್ಭಿಣಿಯರು ಈ ಕೆಲಸಕ್ಕೆ ಕೈಹಾಕಬಾರದು. ಉಳಿದವರೂ ಕೈಗವಸು ಹಾಕಿಕೊಳ್ಳಲಿ.

ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವ ಪಂಪಿನಲ್ಲೇ ಬ್ಲೀಚ್ ಸಿಂಪಡಿಸಿದವರನ್ನೂ ಕಂಡಿದ್ದೇನೆ. ಕೀಟನಾಶಕಗಳಲ್ಲಿ, ಅದರಲ್ಲೂ ಪೈರೆಥ್ರಾಯ್ಡ್‌ಗಳಲ್ಲಿ, ಬೆಕ್ಕಿಗೆ ಸ್ವಲ್ಪವೇ ಸಾಕು ನಡುಕ ಹತ್ತಲು. ತೋಟದಿಂದ ಟೊಮೆಟೊ ಕ್ರೇಟನ್ನು ಮಾತ್ರ, ಅದನ್ನೂ ತೊಳೆದು, ತಂದುಕೊಳ್ಳಿ. ಎರಡು ಕ್ರೇಟುಗಳ ಮೇಲೆ ಬೋನನ್ನು ಅಡ್ಡಲಾಗಿಟ್ಟರೆ ಕೆಳಗಿನಿಂದಲೂ ಗಾಳಿಯಾಡಿ ಚೆನ್ನಾಗಿ ಒಣಗುತ್ತದೆ. ಎರಡು ದಿನದ ಬಿಸಿಲಿಗೆ ಬ್ಲೀಚಿನ ವಾಸನೆಯೂ ಹೋಗುತ್ತದೆ. ವಾಸನೆ ಉಳಿದರೆ ಹುಷಾರಿನ ಬೆಕ್ಕು ಬೋನಿನ ಹತ್ತಿರ ಸುಳಿಯುವುದಿಲ್ಲ.

ಕೀಲಿಗೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಅದು ಹೆಪ್ಪುಗಟ್ಟಿ, ಬೆಕ್ಕು ತಗಡು ತುಳಿದು ಮೀನು ತಿಂದು ಹೊರಟುಹೋದರೂ ಬಾಗಿಲು ಬಿದ್ದಿರುವುದಿಲ್ಲ; ಇರುವೆಯೂ ಮುತ್ತುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಸಾಕು.

ಇನ್ನು ಇಡುವ ಬಗೆ. ಒಂದು ಶನಿವಾರ ಸಂಜೆ ಬಾಗಿಲು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿದ ನಾನು, ಬೋನನ್ನು ಹೂಡಿದ ಸ್ಥಿತಿಯಲ್ಲಿಯೇ ಷೆಡ್ಡಿನಲ್ಲಿ ಬಿಟ್ಟು ಹೊರಟೆ. ಸೋಮವಾರ ಬೆಳಿಗ್ಗೆ ಅದರೊಳಗೆ ಮೂರು ತಿಂಗಳ ಮರಿಯೊಂದು, ಮುರಿದಿದ್ದ ವೆಲ್ಡಿಂಗ್ ತಂತಿಗೆ ಮೂಗು ತೀಡಿ ತೀಡಿ ತರಚಿಕೊಂಡು, ದನಿಯೂ ಹೊರಡದಂತಾಗಿ ಮುದುರಿ ಕುಳಿತಿತ್ತು. ತುತ್ತಿಲ್ಲದ ಬೋನಿಗೆ ಯಾವ ಬೆಕ್ಕು ಬರುತ್ತದೆ ಎಂದುಕೊಂಡಿದ್ದೆ. ಮರಿ ಬದುಕಿತು. ಅಂದೇ ಆರೂ ಬೋನುಗಳ ಒಳಮೈಯನ್ನು ಬಟ್ಟೆಯಿಂದ ಸವರಿ, ಎಳೆ ಸಿಕ್ಕಿಕೊಂಡ ಕಡೆಯಲ್ಲೆಲ್ಲ ಅರದಿಂದ ಉಜ್ಜಿ ನಯಗೊಳಿಸಿದೆವು.

ಈಗ ಪ್ರತಿ ಬೋನಿಗೂ ಬಣ್ಣದಲ್ಲಿ ಬರೆದ ಸಂಖ್ಯೆಯಿದೆ, ನೆಲ ತಾಗದಂತೆ ಕ್ರೇಟುಗಳ ಮೇಲೆ ಅವುಗಳ ಜಾಗವೂ ಗೊತ್ತಾಗಿದೆ. ಹೊದಿಸುವ ಬಟ್ಟೆಗಳನ್ನು ಬೋನಿನ ಮೇಲೆಯೇ ಬಿಟ್ಟರೆ ಇಲಿಗಳು ಗೂಡು ಕಟ್ಟುತ್ತವೆ, ಅವುಗಳ ಮೂತ್ರದಿಂದ ಇಲಿ ಜ್ವರದ ಭಯ. ಆದ್ದರಿಂದ ಅವನ್ನು ಒಗೆದು ಮುಚ್ಚಳವಿರುವ ಡಬ್ಬಿಯಲ್ಲಿ ಇಡುತ್ತೇವೆ. ಬೋನಿನ ಬಾಗಿಲನ್ನು ಮುಚ್ಚಿ ದಾರದಿಂದ ಎರಡು ಕಡೆ ಕಟ್ಟುತ್ತೇವೆ, ಆ ದಾರವನ್ನು ಬಿಚ್ಚುವುದು ಬೋನು ಷೆಡ್ಡಿನಿಂದ ಹೊರಗೆ ಬಂದ ಮೇಲೆಯೇ.