ಕ್ಲೀನಿಂಗ್ ಆದ ಮೇಲೆ ಹಲ್ಲು ಜುಮ್ಮೆನ್ನುವುದೇಕೆ?

ಹಲ್ಲು ಕ್ಲೀನ್ ಮಾಡಿಸಿಕೊಂಡವರು ಮಂಡ್ಯದ ಬಿಸಿಲಲ್ಲಿ ಕಬ್ಬಿನ ಹಾಲಿನ ಗಾಡಿ ಮುಂದೆ ನಿಂತರೆ ಮುಗಿಯಿತು. ಐಸ್ ಹಾಕಿ ನಿಂಬೆಹಣ್ಣು ಹಿಂಡಿದ ಲೋಟದ ಮೊದಲ ಗುಟುಕಿಗೇ ಕೆಳಗಿನ ಮುಂಭಾಗದ ಹಲ್ಲುಗಳು ಚುಳ್ ಎನ್ನುತ್ತವೆ. 'ಮಿಷಿನ್ನು ಹಲ್ಲನ್ನೇ ಸವೆಸ್ಬುಡ್ತು ಕಣಣ್ಣ' ಎಂಬ ದೂರು ಹುಟ್ಟುವುದು ಆಗಲೇ.

ದೂರು ತಪ್ಪು, ಜುಮ್ಮೆನ್ನುವುದು ಮಾತ್ರ ನಿಜ. ಹಲ್ಲು ಕ್ಲೀನ್ ಮಾಡುವ ಸ್ಕೇಲಿಂಗ್ ಯಂತ್ರದ ತುದಿ ಸಾಮಾನ್ಯವಾಗಿ ಸೆಕೆಂಡಿಗೆ 25,000ದಿಂದ 30,000 ಸಲ ಅದುರಿ ಗಟ್ಟಿಯಾದ ಪಾಚಿಯನ್ನು ಒಡೆಯುತ್ತದೆ. ಜೊಲ್ಲಿನ ಕ್ಯಾಲ್ಸಿಯಂ ಸೇರಿ ಕಲ್ಲಾದ ಈ ಪಾಚಿ ಬ್ರಷ್ಷಿಗೂ ಬಗ್ಗದು, ನಂಜನಗೂಡು ಹಲ್ಲುಪುಡಿಗೂ ಬಗ್ಗದು. ನಾಲಿಗೆಯಡಿ ಜೊಲ್ಲಿನ ನಾಳಗಳು ತೆರೆದುಕೊಳ್ಳುವುದರಿಂದ ಕೆಳಗಿನ ಮುಂಹಲ್ಲುಗಳ ಹಿಂಬದಿಯಲ್ಲೇ ಅದು ಜಾಸ್ತಿ. ವರ್ಷಗಟ್ಟಲೆ ಕೂತ ಪಾಚಿಯಿಂದ ವಸಡು ಊದಿ ಸರಿದು ಬೇರು ಬಯಲಾಗಿರುತ್ತದೆ, ಆದರೆ ಅದನ್ನು ಮುಚ್ಚಿಕೊಂಡಿರುವುದೂ ಅದೇ ಪಾಚಿ! ಪಾಚಿ ಹೋದಾಗ ಬೇರಿಗೆ ಗಾಳಿ ತಾಕುತ್ತದೆ. ಊದಿದ್ದ ವಸಡು ಇಳಿದಾಗ ಇನ್ನಷ್ಟು ಬೇರು ಕಾಣುತ್ತದೆ.

ಹಲ್ಲಿನ ಮೇಲ್ಭಾಗಕ್ಕಿರುವ ಗಟ್ಟಿ ಎನಾಮಲ್ ಕವಚ ಬೇರಿಗಿಲ್ಲ. ತೆಳು ಪದರದಡಿ ಇರುವುದು ಡೆಂಟಿನ್, ಅಂದರೆ ಹಲ್ಲಿನ ಒಳಭಾಗದ ಪದರ. ಅದರ ತುಂಬ ದ್ರವ ತುಂಬಿದ ಸೂಕ್ಷ್ಮ ಕೊಳವೆಗಳು, ಒಂದು ಚದರ ಮಿಲಿಮೀಟರಿನಲ್ಲೇ ಸಾವಿರಾರು. ಈ ದ್ರವ ಅಲುಗಿದರೆ ಒಳತುದಿಯ ನರ ಕೆರಳುತ್ತದೆ ಎಂಬ ವಿವರಣೆಯನ್ನು 1960ರ ದಶಕದಲ್ಲಿ ಪ್ರಯೋಗಗಳಿಂದ ಗಟ್ಟಿಗೊಳಿಸಿದವರು ಸ್ವೀಡನ್ನಿನ ದಂತ ಸಂಶೋಧಕ ಮಾರ್ಟಿನ್ ಬ್ರಾನ್‌ಸ್ಟ್ರೋಮ್. ತಂಪು ತಾಕಿದರೆ ದ್ರವ ಹೊರಮುಖವಾಗಿ ಸರ್ರನೆ ಸರಿಯುತ್ತದೆ, ಬಿಸಿಗೆ ನಿಧಾನವಾಗಿ ಒಳಮುಖ. ನರಕ್ಕೆ ಹೆಚ್ಚು ಚುಚ್ಚುವುದು ಹೊರಮುಖದ ಹರಿವೇ. ಹಾಗಾಗಿ ಮೈಸೂರಿನ ಬಿಸಿ ಫಿಲ್ಟರ್ ಕಾಫಿ ಸಾಮಾನ್ಯವಾಗಿ ಅಷ್ಟು ಕಾಡದು. ಸಕ್ಕರೆಯ ಅಂಶವೂ ದ್ರವವನ್ನು ಹೊರಗೆಳೆಯುತ್ತದೆ. ಹುಳಿ ಕೊಳವೆಗಳ ಬಾಯಿಯನ್ನು ಅಗಲಿಸುತ್ತದೆ. ಐಸು, ಸಿಹಿ, ನಿಂಬೆ ಮೂರೂ ಒಂದೇ ಲೋಟದಲ್ಲಿ ಸಿಕ್ಕರೆ ಹಲ್ಲೇನು ಮಾಡೀತು ಪಾಪ.

ಜೊಲ್ಲಿನ ಖನಿಜಗಳೇ ಕೊಳವೆಗಳ ಬಾಯಿಯನ್ನು ಮೆಲ್ಲಗೆ ಮುಚ್ಚುತ್ತವೆ. ಬಹುತೇಕರಿಗೆ ಕೆಲವು ದಿನ, ಹೆಚ್ಚೆಂದರೆ ಎರಡು ವಾರದಲ್ಲಿ ಜುಮ್ಮು ಇಳಿಯುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟು ನರವನ್ನು ಶಾಂತಗೊಳಿಸುತ್ತದೆ. ಒಂದೇ ದಿನಕ್ಕಲ್ಲ, ದಿನಕ್ಕೆರಡು ಸಲದಂತೆ ವಾರಗಟ್ಟಲೆ ಬಳಸಬೇಕು. ಮೆತ್ತನೆಯ ಬ್ರಷ್ ಇರಲಿ, ಹುಳಿ ತಿಂದ ತಕ್ಷಣ ಉಜ್ಜುವುದು ಬೇಡ. ನೋವು ರಾತ್ರಿ ನಿದ್ದೆ ಕೆಡಿಸಿದರೆ, ಬಿಸಿ ತಾಕಿದ ನೋವು ನಿಮಿಷಗಟ್ಟಲೆ ಉಳಿದರೆ, ಕಚ್ಚಿದಾಗ ಒಂದೇ ಹಲ್ಲು ನೊಂದರೆ ಅದು ಕ್ಲೀನಿಂಗಿನ ಜುಮ್ಮಲ್ಲ. ಹುಳುಕೋ ಬಿರುಕೋ ಇರಬಹುದು, ಡಾಕ್ಟರಿಗೆ ತೋರಿಸಬೇಕು.