ಪದ ಪರಿಚಯ: ಕಂಟ್ರೋಲ್ ಇನ್‌ಪುಟ್

ಮೋಟಾರಿಗೆ ಬೇಕಾದ ಕರೆಂಟನ್ನು ಕೊಡುವ ಮೋಟಾರ್ ಡ್ರೈವರ್ ಚಿಪ್ಪಿನಲ್ಲಿ, ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪಾದ ಮೈಕ್ರೋಕಂಟ್ರೋಲರ್‌ನ ಆಜ್ಞೆಯನ್ನು ಬರಮಾಡಿಕೊಳ್ಳುವ ಪಿನ್ನುಗಳಿಗೆ ಕಂಟ್ರೋಲ್ ಇನ್‌ಪುಟ್ ಎಂದು ಹೆಸರು. ಮೋಟಾರನ್ನು ತಿರುಗಿಸುವ ಕರೆಂಟು ಈ ಪಿನ್ನಿನ ಮೂಲಕ ಹರಿಯುವುದಿಲ್ಲ. ಕೆರೆಯ ತೂಬನ್ನು ಎತ್ತುವವನು ನೀರನ್ನು ಹೊರಬೇಕಾಗಿಲ್ಲ, ತೂಬು ತೆರೆದರೆ ನೀರು ತನ್ನ ದಾರಿಯಲ್ಲಿ ತಾನೇ ಹರಿಯುತ್ತದೆ. ಕಂಟ್ರೋಲ್ ಇನ್‌ಪುಟ್ಟಿನ ಕೆಲಸವೂ ಅಷ್ಟೇ.

ಈ ವಿಂಗಡಣೆ ಏಕೆ ಬೇಕಾಯಿತು ಎಂಬುದನ್ನು ಅಂಕಿಗಳೇ ಹೇಳುತ್ತವೆ. ಆರ್3 ಮಾದರಿಯ ಆರ್ಡುಯಿನೊ ಉನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರ್ ಚಿಪ್ಪಿನ ಒಂದು ಪಿನ್ ಯಾವ ಕಾರಣಕ್ಕೂ 40 ಮಿಲಿಆಂಪಿಯರ್ ಮೀರಬಾರದು; 20ರ ಒಳಗಿದ್ದರೆ ಒಳ್ಳೆಯದು. ಆಟಿಕೆ ಕಾರಿನ ಪುಟ್ಟ ಗೇರ್ ಮೋಟಾರ್ ಕೂಡ ನಿಂತಲ್ಲಿಂದ ಹೊರಡುವಾಗ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ನಮ್ಮಲ್ಲಿ ಕಲಿಕೆಯ ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಸಿಗುವ ಎಲ್298ಎನ್ ಡ್ರೈವರ್‌ನ ಕಂಟ್ರೋಲ್ ಇನ್‌ಪುಟ್ ಹೆಚ್ಚೆಂದರೆ 100 ಮೈಕ್ರೋಆಂಪಿಯರ್ ತೆಗೆದುಕೊಳ್ಳುತ್ತದೆ, ಆದರೆ ಅದರ ಔಟ್‌ಪುಟ್ ಒಂದೊಂದು ಮೋಟಾರಿಗೆ 2 ಆಂಪಿಯರ್‌ವರೆಗೆ ಕೊಡಬಲ್ಲದು. ಅಂದರೆ ಕೊಡುವ ಕರೆಂಟು, ಆಜ್ಞೆಗೆಂದು ಪಡೆದ ಕರೆಂಟಿನ 20,000 ಪಟ್ಟು.

ಎಲ್298ಎನ್‌ನಲ್ಲಿ ಒಂದು ಮೋಟಾರಿಗೆ ಮೂರು ಕಂಟ್ರೋಲ್ ಇನ್‌ಪುಟ್‌ಗಳಿವೆ: ದಿಕ್ಕಿಗೆ ಐಎನ್1 ಮತ್ತು ಐಎನ್2, ಅನುಮತಿಗೆ ಇಎನ್‌ಎ. ಇಎನ್‌ಎ ಮೇಲಿನ ಮಟ್ಟದಲ್ಲಿ, ಅಂದರೆ ಹೆಚ್ಚಿನ ವೋಲ್ಟೇಜಿನಲ್ಲಿ, ಇದ್ದು ಐಎನ್1 ಮೇಲೆ, ಐಎನ್2 ಕೆಳಗೆ ಇದ್ದರೆ ಮೋಟಾರ್ ಒಂದು ದಿಕ್ಕಿಗೆ ತಿರುಗುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಹಿಮ್ಮುಖವಾಗಿ ತಿರುಗುತ್ತದೆ. ಎರಡೂ ಒಂದೇ ಮಟ್ಟದಲ್ಲಿದ್ದರೆ ಬ್ರೇಕ್ ಹಾಕಿದಂತೆ ಬೇಗ ನಿಲ್ಲುತ್ತದೆ. ಇಎನ್‌ಎ ಕೆಳಕ್ಕಿಳಿದರೆ ಮಾತ್ರ, ಐಎನ್ ಪಿನ್ನುಗಳು ಏನೇ ಹೇಳಲಿ, ಮೋಟಾರ್ ತನ್ನ ಓಟದಲ್ಲೇ ಉರುಳಿ ನಿಧಾನವಾಗಿ ನಿಲ್ಲುತ್ತದೆ. ನಿಲ್ಲಿಸುವುದರಲ್ಲಿ ಇರುವ ಈ ಎರಡು ಬಗೆಯನ್ನು ರೋಬೋಟ್ ಕಟ್ಟುವವರು ಮೊದಲೇ ಮನದಟ್ಟು ಮಾಡಿಕೊಳ್ಳುವುದು ಮುಖ್ಯ.

ವೇಗ ಬದಲಿಸಬೇಕಾದರೆ ಇಎನ್‌ಎಗೆ ಪಿಡಬ್ಲ್ಯೂಎಂ ಕೊಡುತ್ತಾರೆ, ಅಂದರೆ ಪಿನ್ನನ್ನು ಸೆಕೆಂಡಿಗೆ ನೂರಾರು ಬಾರಿ ಮೇಲೆ ಕೆಳಗೆ ಮಾಡಿ, ಮೇಲಿರುವ ಅವಧಿಯ ಪಾಲನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಉನೊದಲ್ಲಿ 3, 5, 6, 9, 10 ಮತ್ತು 11ನೇ ಪಿನ್ನುಗಳಿಗೆ ಮಾತ್ರ ಈ ಸೌಲಭ್ಯವಿದ್ದು, ಅವುಗಳಲ್ಲಿ 5 ಮತ್ತು 6 ಸುಮಾರು 980 ಹರ್ಟ್ಸ್‌ನಲ್ಲೂ ಉಳಿದವು 490 ಹರ್ಟ್ಸ್‌ನಲ್ಲೂ ನಡೆಯುತ್ತವೆ. ಕಡಿಮೆ ವೇಗದಲ್ಲಿ ಮೋಟಾರಿನಿಂದ ಕೇಳುವ ಸಣ್ಣ ಕೀರಲು ಸದ್ದು ಇದರದೇ. ಎಲ್298ಎನ್ ಚಿಪ್ಪನ್ನು ಕೂರಿಸಿದ ಮಾಡ್ಯೂಲಿನ ಮೇಲೆ ಇಎನ್‌ಎಗೆ ಜಂಪರ್ ಕ್ಯಾಪ್ ಎಂಬ, ಎರಡು ಕಡ್ಡಿಗಳನ್ನು ಕೂಡಿಸುವ ಪುಟ್ಟ ಟೋಪಿ ಹಾಕಿರುತ್ತಾರೆ. ಅದನ್ನು ತೆಗೆದಾಗ ಕಾಣುವ ಎರಡು ಕಡ್ಡಿಗಳಲ್ಲಿ ಒಂದು 5 ವೋಲ್ಟ್ ಲೈನು, ಇನ್ನೊಂದು ನಿಜವಾದ ಇಎನ್‌ಎ. ತಂತಿಯನ್ನು ತಪ್ಪು ಕಡ್ಡಿಗೆ ಸಿಕ್ಕಿಸಿದರೆ, ಮೈಕ್ರೋಕಂಟ್ರೋಲರ್ ತನ್ನ ಪಿನ್ನನ್ನು ಕೆಳಕ್ಕೆಳೆದಾಗಲೆಲ್ಲ 5 ವೋಲ್ಟ್ ನೇರವಾಗಿ ಅದರೊಳಗೆ ನುಗ್ಗಿ ಪಿನ್ ಸುಟ್ಟುಹೋಗಬಹುದು. ಆದ್ದರಿಂದ ತಂತಿ ಸಿಕ್ಕಿಸುವ ಮುನ್ನ ಮಲ್ಟಿಮೀಟರಿನಿಂದ ಅಳೆದು, ಸದಾ 5 ವೋಲ್ಟ್ ತೋರಿಸುವ ಕಡ್ಡಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು.

ಮೇಲಿನ ಮಟ್ಟ, ಕೆಳಗಿನ ಮಟ್ಟ ಎನ್ನುವುದಕ್ಕೆ ಪ್ರತಿ ಚಿಪ್ಪಿಗೂ ತನ್ನದೇ ಗಡಿಯಿದೆ. ಎಲ್298ಎನ್ 2.3 ವೋಲ್ಟ್ ದಾಟಿದ್ದನ್ನು ಮೇಲೆಂದೂ 1.5ಕ್ಕಿಂತ ಕಡಿಮೆಯದನ್ನು ಕೆಳಗೆಂದೂ ಓದುವುದರಿಂದ, 3.3 ವೋಲ್ಟಿನಲ್ಲಿ ನಡೆಯುವ ಮೈಕ್ರೋಕಂಟ್ರೋಲರ್ ಆದ ಇಎಸ್‌ಪಿ32 ಕೂಡ ಅದನ್ನು ನೇರವಾಗಿ ಆಳಬಲ್ಲದು. ಟಿಬಿ6612ಎಫ್‌ಎನ್‌ಜಿ ಎಂಬ ಇನ್ನೊಂದು ಡ್ರೈವರ್ ಚಿಪ್ಪಿನಲ್ಲಿ ಮೇಲಿನ ಮಟ್ಟದ ಗಡಿ ಅದರ ಲಾಜಿಕ್ ಸಪ್ಲೈನ (ಆಜ್ಞೆ ಓದುವ ಭಾಗಕ್ಕೆ ಕೊಡುವ ವೋಲ್ಟೇಜಿನ) ಶೇಕಡಾ 70. ಆ ಸಪ್ಲೈಗೆ 5 ವೋಲ್ಟ್ ಕೊಟ್ಟರೆ ಗಡಿ 3.5ಕ್ಕೆ ಏರಿ, 3.3 ವೋಲ್ಟಿನ ಆಜ್ಞೆ ಅದನ್ನು ಮುಟ್ಟದೆ ಉಳಿಯುತ್ತದೆ; 3.3 ವೋಲ್ಟನ್ನೇ ಕೊಟ್ಟರೆ ಗಡಿ ಸುಮಾರು 2.3ಕ್ಕೆ ಇಳಿದು ತೊಡಕು ತೀರುತ್ತದೆ.

ವೋಲ್ಟೇಜ್ ಎಂಬುದು ಎರಡು ಬಿಂದುಗಳ ನಡುವಿನ ಅಂತರ. ಬೋರ್ಡಿಗೆ ಕಂಪ್ಯೂಟರಿನಿಂದಲೂ ಡ್ರೈವರಿಗೆ ಬ್ಯಾಟರಿಯಿಂದಲೂ ವಿದ್ಯುತ್ ಬರುತ್ತಿದ್ದು, ಎರಡರ ಸೊನ್ನೆ ವೋಲ್ಟಿನ ಬಿಂದುಗಳಾದ ಗ್ರೌಂಡ್‌ಗಳನ್ನು ತಂತಿಯಿಂದ ಕೂಡಿಸದೇ ಇದ್ದರೆ, ಮೈಕ್ರೋಕಂಟ್ರೋಲರ್ ಹೇಳುವ 5 ವೋಲ್ಟಿಗೆ ಡ್ರೈವರಿನ ಕಡೆಯಲ್ಲಿ ಅರ್ಥವೇ ಇರುವುದಿಲ್ಲ. ಪ್ರೋಗ್ರಾಂ ಸರಿಯಿದ್ದು, ಬಿಡಿಬಿಡಿಯಾಗಿ ಎಲ್ಲ ತಂತಿಗಳೂ ಸರಿಯಿದ್ದು, ಮೋಟಾರ್ ಒಮ್ಮೆ ತಿರುಗಿ ಒಮ್ಮೆ ಸುಮ್ಮನಿರುವಾಗ ನಾನು ಮೊದಲು ಹುಡುಕುವುದು ಈ ಒಂದು ತಂತಿಯನ್ನೇ.

ಇನ್ನೊಂದು ಎಚ್ಚರ ಚಾಲೂ ಮಾಡುವ ಹೊತ್ತಿಗೆ ಸಂಬಂಧಿಸಿದ್ದು. ರಿಸೆಟ್ ಆದ ಕ್ಷಣದಿಂದ ಪ್ರೋಗ್ರಾಂ ಪಿನ್ನನ್ನು ಔಟ್‌ಪುಟ್ ಎಂದು ಘೋಷಿಸುವವರೆಗೆ ಎಟಿಮೆಗಾ328ಪಿಯ ಪಿನ್ನುಗಳು ಇನ್‌ಪುಟ್ಟಾಗಿಯೇ ಇರುವುದರಿಂದ, ಡ್ರೈವರಿನ ಕಂಟ್ರೋಲ್ ಇನ್‌ಪುಟ್ ಆಗ ಯಾರ ಅಂಕೆಯಲ್ಲೂ ಇಲ್ಲದೆ ತೇಲುತ್ತಿರುತ್ತದೆ, ಮೋಟಾರ್ ತಾನಾಗಿ ಒಮ್ಮೆ ಜಿಗಿಯಲೂಬಹುದು. ಇಎನ್‌ಎ ಮತ್ತು ಗ್ರೌಂಡ್ ನಡುವೆ 10 ಕಿಲೋಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ಈ ಅವಧಿಯಲ್ಲಿ ಅದು ಕೆಳಗೇ ಉಳಿಯುತ್ತದೆ. ಪಿನ್ ಮೇಲಿರುವಾಗ ಈ ರೆಸಿಸ್ಟರ್ ಎಳೆಯುವುದು ಕೇವಲ ಅರ್ಧ ಮಿಲಿಆಂಪಿಯರ್. ಮೇಜಿನ ಮೇಲಿನ ಪ್ರಯೋಗದಲ್ಲಿ ಇದು ಅತಿ ಎಚ್ಚರಿಕೆ ಎನಿಸಬಹುದು, ಆದರೆ ಬೆರಳು ಸಿಕ್ಕಿಕೊಳ್ಳಬಹುದಾದ ಯಾವ ಯಂತ್ರದಲ್ಲೂ ಇದನ್ನು ಬಿಡಬಾರದು.

ಜೋಡಣೆಯನ್ನು ಪರೀಕ್ಷಿಸುವಾಗ ಮಲ್ಟಿಮೀಟರಿನ ಕಪ್ಪು ಪ್ರೋಬನ್ನು ಡ್ರೈವರಿನ ಗ್ರೌಂಡ್ ಮೇಲೇ ಇಟ್ಟು, ಕೆಂಪು ಪ್ರೋಬಿನಿಂದ ಒಂದೊಂದೇ ಇನ್‌ಪುಟ್ ಮುಟ್ಟಬೇಕು. ಉನೊ ಬಳಸಿ, ಐಎನ್1 ಮೇಲೆ, ಐಎನ್2 ಕೆಳಗೆ ಎಂದು ಆಜ್ಞೆ ಕೊಟ್ಟಿದ್ದರೆ ಐಎನ್1 ಹೆಚ್ಚುಕಡಿಮೆ 5 ವೋಲ್ಟನ್ನೂ ಐಎನ್2 ಸೊನ್ನೆಯನ್ನೂ ತೋರಿಸಬೇಕು. ಇಎನ್‌ಎಗೆ ಅರ್ಧ ಪಿಡಬ್ಲ್ಯೂಎಂ ಕೊಟ್ಟಿದ್ದರೆ ಮೀಟರು ಸರಾಸರಿಯಾಗಿ 2.5ರ ಆಸುಪಾಸು ನಿಲ್ಲುತ್ತದೆ. ಈ ಮೂರೂ ಸರಿಯಿದ್ದು ಮೋಟಾರ್ ಅಲುಗದಿದ್ದರೆ ಆಜ್ಞೆ ತಲುಪಿದೆ ಎಂದೇ ಅರ್ಥ. ಮುಂದೆ ನೋಡಬೇಕಾದದ್ದು ಬ್ಯಾಟರಿ, ಔಟ್‌ಪುಟ್ ಸ್ಕ್ರೂಗಳು ಮತ್ತು ಮೋಟಾರ್.